ಬಾವುಟ ಬದಲಾದ ಮೇಲೆ ಹಾಂಗ್‌ಕಾಂಗ್

1997ರ ಜುಲೈ 1ರಂದು ಹಾಂಗ್‌ಕಾಂಗ್ ಚೀನಾದ ಕೈಗೆ ಮರಳಿತು. 1842ರ ನಾನ್‌ಜಿಂಗ್ ಒಪ್ಪಂದದಿಂದ ಅಧಿಕೃತವಾದ ಬ್ರಿಟಿಷ್ ಆಳ್ವಿಕೆ ಅಂದಿಗೆ ಮುಗಿಯಿತು. 'ಒಂದು ದೇಶ, ಎರಡು ವ್ಯವಸ್ಥೆ' ಎಂಬ ಸೂತ್ರದಡಿ ಅಲ್ಲಿನ ಕಾನೂನು, ಮಾರುಕಟ್ಟೆ, ಜನಜೀವನ 50 ವರ್ಷ ಬದಲಾಗದು ಎಂದು ಚೀನಾ ಮಾತು ಕೊಟ್ಟಿತ್ತು.

ಆದರೆ ಚೀನೀಯರಲ್ಲದ ಹಾಂಗ್‌ಕಾಂಗಿಗರು ಯಾರಿಗೆ ಸೇರಿದವರು? ಬ್ರಿಟಿಷರು ಅವಿಭಜಿತ ಭಾರತದಿಂದ ಸಿಪಾಯಿಗಳನ್ನೂ ಪೊಲೀಸರನ್ನೂ ಅಲ್ಲಿಗೆ ಕರೆದೊಯ್ದಿದ್ದರು. ವ್ಯಾಪಾರಕ್ಕೆಂದು ಪಾರ್ಸಿಗಳು, ಸಿಂಧಿಗಳು, ಬೊಹ್ರಾಗಳೂ ಹೋಗಿ ನೆಲೆಸಿದರು. ಕೌಲೂನ್ ಮಸೀದಿ 1896ರಲ್ಲಿ ಹುಟ್ಟಿದ್ದೇ ಬ್ರಿಟಿಷ್ ಸೇನೆಯ ಭಾರತೀಯ ಮುಸ್ಲಿಮರಿಗಾಗಿ. ಈಗ ನಾಥನ್ ರಸ್ತೆಯಲ್ಲಿ ಕಾಣುವ ಬಿಳಿಯ ಕಟ್ಟಡ 1984ರದು.

ಹಸ್ತಾಂತರದ ಹೊತ್ತಿಗೆ ಚೀನಾ ತನ್ನ ಪ್ರಜೆಗಳೆಂದು ಒಪ್ಪಿದ್ದು ಚೀನೀ ವಂಶಸ್ಥರನ್ನು ಮಾತ್ರ. ಉಳಿದವರು ಪೌರತ್ವಕ್ಕೆ ಅರ್ಜಿ ಹಾಕಬೇಕಿತ್ತು. ಬ್ರಿಟನ್ ಕೊಟ್ಟ ಸಾಗರೋತ್ತರ ಪಾಸ್‌ಪೋರ್ಟಿನಲ್ಲಿ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕೇ ಇರಲಿಲ್ಲ. ತಲೆಮಾರುಗಳಿಂದ ಅಲ್ಲೇ ಬಾಳಿದವರ ಮಕ್ಕಳು ಯಾವ ದೇಶಕ್ಕೂ ಸೇರದವರಾಗುವ ಭಯ ಎದುರಾಯಿತು. ಹಸ್ತಾಂತರಕ್ಕೆ ಕೆಲವೇ ತಿಂಗಳಿರುವಾಗ, ಬೇರೆ ಪೌರತ್ವವಿಲ್ಲದ ಇಂಥವರಿಗಾಗಿ ಬ್ರಿಟನ್ ಕಾನೂನು ಮಾಡಿತು. ಜನಾಂಗೀಯ ತಾರತಮ್ಯದ ವಿರುದ್ಧ ಹಾಂಗ್‌ಕಾಂಗ್‌ನಲ್ಲೇ ಕಾನೂನು ಬರಲು 2008ರವರೆಗೆ ಕಾಯಬೇಕಾಯಿತು.

2019ರಲ್ಲಿ, ಆರೋಪಿಗಳನ್ನು ಚೀನಾಕ್ಕೆ ಒಪ್ಪಿಸಲು ಅವಕಾಶ ನೀಡುವ ಮಸೂದೆಯ ವಿರುದ್ಧ ಲಕ್ಷಾಂತರ ಜನ ಬೀದಿಗಿಳಿದರು. ಅಕ್ಟೋಬರ್‌ನಲ್ಲಿ ಚಳವಳಿಯ ಮುಂದಾಳು ಜಿಮ್ಮಿ ಶಾಮ್ ಮೇಲೆ ಹಲ್ಲೆ ನಡೆದಾಗ, ಹಲ್ಲೆಕೋರರು ದಕ್ಷಿಣ ಏಷ್ಯಾದವರೆಂಬ ಸುದ್ದಿ ಹಬ್ಬಿತು. ಸೇಡಿನ ಬೆಂಕಿ ಮಸೀದಿಗೂ ತಾಗೀತೆಂಬ ಆತಂಕವಿತ್ತು. ಆದರೆ ಅಕ್ಟೋಬರ್ 20ರ ಮೆರವಣಿಗೆಯಲ್ಲಿ ನಡೆದದ್ದೇ ಬೇರೆ. ದಕ್ಷಿಣ ಏಷ್ಯಾ ಮೂಲದವರು ರಸ್ತೆಬದಿ ನಿಂತು ಮೆರವಣಿಗೆಯವರಿಗೆ ನೀರಿನ ಬಾಟಲಿ ಹಂಚಿದರು. ಮಸೀದಿಯ ಬಾಗಿಲಿಗೆ ನೀಲಿ ಬಣ್ಣದ ನೀರು ಎರಚಿದ್ದು ಪೊಲೀಸರ ಜಲಫಿರಂಗಿ. ಅದನ್ನು ಒರೆಸಲು ಬಟ್ಟೆ, ಬ್ರಷ್ಷು ಹಿಡಿದು ಬಂದವರಲ್ಲಿ ಮುಸ್ಲಿಮೇತರರೂ ಇದ್ದರು. ಮರುದಿನ ಆಡಳಿತದ ಮುಖ್ಯಸ್ಥೆ ಕ್ಯಾರಿ ಲಾಮ್ ಮಸೀದಿಗೆ ಬಂದು ಕ್ಷಮೆ ಕೇಳಿದರು.

ಒಬ್ಬ ಮನುಷ್ಯ ಒಂದು ಊರಿನವನೆಂದು ತೀರ್ಮಾನಿಸುವವರು ಯಾರು? ಪೌರತ್ವದ ಕಾನೂನು ವಂಶವನ್ನು ಕೇಳಿತು. ಬ್ರಷ್ಷು ಹಿಡಿದು ಬಂದವರು ಅದನ್ನು ಕೇಳಲಿಲ್ಲ.

2020ರ ಜೂನ್ 30ರಂದು ಚೀನಾ ರಾಷ್ಟ್ರೀಯ ಭದ್ರತಾ ಕಾನೂನನ್ನು ಹೇರಿತು. 2021ರಲ್ಲಿ 'ಆಪಲ್ ಡೈಲಿ' ಪತ್ರಿಕೆ ಮುಚ್ಚಿತು. ಅಂಥ ದೊಡ್ಡ ಮೆರವಣಿಗೆಗಳೂ ನಿಂತವು. ಕೊಟ್ಟ ಮಾತಿನ ಅವಧಿ 2047ರವರೆಗಿದೆ. ಅರ್ಧ ದಾರಿಯಲ್ಲೇ ಆ ಮಾತು ಸವೆದುಹೋಯಿತು. ನೆರೆಯವರನ್ನು ನಮ್ಮವರೆಂದು ಒಪ್ಪಿಕೊಳ್ಳಲು ಮಾತ್ರ ಯಾವ ಸರಕಾರದ ಒಪ್ಪಂದವೂ ಬೇಕಿಲ್ಲ.