ಆ ಕಾರಿನ ಧೂಳು

ಮಂಗಳೂರಿನ ಪುರಭವನಕ್ಕೆ ನಾಟಕ ನೋಡೋಕೆ ಹೋಗ್ತೀವಿ. ಆದರೆ ಅದಕ್ಕೆ ಹೆಸರಿಟ್ಟಿರುವ ಕುದ್ಮುಲ್ ರಂಗರಾಯರು ಯಾರು ಅಂತ ಎಷ್ಟು ಜನ ವಿಚಾರಿಸಿದ್ದೀವಿ? 1859ರಲ್ಲಿ ಹುಟ್ಟಿದ ಸಾರಸ್ವತ ಬ್ರಾಹ್ಮಣರು, ವಕೀಲರು. ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯವರೇ ಬಹಿಷ್ಕಾರ ಹಾಕಿದರೂ ಬಿಡಲಿಲ್ಲ. ಅಕ್ಷರದ ಜೊತೆ ಕಸುಬನ್ನೂ ಕಲಿಸಿದರು. ಅವರ ಆಸೆ ಇನ್ನೂ ದೊಡ್ಡದು: ದಲಿತ ಮಗು ಓದಿ, ಸರ್ಕಾರಿ ನೌಕರಿ ಹಿಡಿದು, ಕಾರಿನಲ್ಲಿ ಓಡಾಡಬೇಕು, ಆ ಚಕ್ರದ ಧೂಳು ತಮ್ಮ ತಲೆಗೆ ತಾಗಬೇಕು.

ನನಗೆ ಈ ಧೂಳಿನ ಮಾತೇ ಮುಖ್ಯ ಅನ್ಸುತ್ತೆ. ಆಫೀಸಿನಲ್ಲಿ ‘ಎಲ್ಲರಿಗೂ ಕೆಲಸ ಕೊಟ್ಟಿದ್ದೀವಿ’ ಅನ್ನೋದು ಸುಲಭ. ಊರು ದೂರ ಇಟ್ಟಿದ್ದ ಮನೆಯಿಂದ ಬಂದವರು ಬಾಸ್ ಆದ ದಿನ ಎಷ್ಟು ಜನ ಮನಸಾರೆ ಖುಷಿಪಡ್ತಾರೆ? ರಂಗರಾಯರ ಅಳತೆಗೋಲು ಅದು.