ಒಳಲೆಯಿಂದ ಬಾಟಲಿಗೆ: ಕೂಸಿನ ಸಾಮಾನಿನ ಚರಿತ್ರೆ

ನಮ್ಮ ಹಿರಿಯರ ಮನೆಗಳಲ್ಲಿ ಕೂಸಿನ ಸಾಮಾನೆಂದರೆ ಬೆರಳೆಣಿಕೆಯಷ್ಟೇ ಇರುತ್ತಿತ್ತು. ಒಂದು ತೊಟ್ಟಿಲು, ಹಾಲು ಕುಡಿಸುವ ಒಳಲೆ, ಹಳೆಯ ಸೀರೆ-ಧೋತರಗಳನ್ನು ಹರಿದು ಮಾಡಿದ ಮೆತ್ತನೆಯ ಬಟ್ಟೆಗಳು, ಒಂದು ಪುಟ್ಟ ಕೌದಿ, ಬಜೆ ತೇಯುವ ಕಲ್ಲು, ಒಂದು ಗಿಲಿಕೆ. ಇವುಗಳಲ್ಲಿ ಹೆಚ್ಚಿನವು ಆ ಕೂಸಿಗಾಗಿ ಕೊಂಡವೂ ಅಲ್ಲ; ಅದರ ಅಪ್ಪನಿಗೋ ಚಿಕ್ಕಮ್ಮನಿಗೋ ಒದಗಿ, ಅಟ್ಟ ಸೇರಿ, ಮತ್ತೆ ಇಳಿದು ಬಂದವು. ಇಂದು ಪುಣೆಯಲ್ಲೋ ದಿಲ್ಲಿಯಲ್ಲೋ ಸಂಸಾರ ಹೂಡಿದ ನಮ್ಮ ಹುಡುಗ-ಹುಡುಗಿಯರು ಮಕ್ಕಳ ಸಾಮಾನಿನ ಅಂಗಡಿಗೆ ಕಾಲಿಟ್ಟರೆ ಗೋಡೆಯ ಉದ್ದಕ್ಕೂ ಸರಕು. ಯಾವುದು ಬೇಕು, ಯಾವುದು ಬೇಡವೆಂದು ಹೇಳಲು ಅಜ್ಜಿ ಜೊತೆಯಲ್ಲಿಲ್ಲ, ಹೇಳುವವನು ಅಂಗಡಿಯವನೊಬ್ಬನೇ. ಹೀಗಿರುವಾಗ ಈ ಸಾಮಾನುಗಳು ಯಾವ ಕಾರಣಕ್ಕೆ, ಯಾವ ಕಾಲದಲ್ಲಿ ಮನೆಯೊಳಗೆ ಬಂದವೆಂಬುದನ್ನು ತಿಳಿದುಕೊಂಡರೆ ಆಯ್ಕೆಗೆ ಸ್ವಲ್ಪ ಬಲ ಬಂದೀತೆಂದು ನಮ್ಮ ಎಣಿಕೆ.

ತೊಟ್ಟಿಲಿನ ಮಾತನ್ನು ಮೊದಲು ಮುಗಿಸೋಣ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲು ಉತ್ತರ ಕರ್ನಾಟಕದ ಮನೆಗಳಲ್ಲೆಲ್ಲ ಹೆಸರಾದದ್ದು. ಸಾಗುವಾನಿಯಂಥ ಗಟ್ಟಿ ಮರ, ಅದರ ಮೇಲೆ ಅರಗಿನ ಬಣ್ಣ, ಪಕ್ಕದ ಹಲಗೆಗಳಲ್ಲಿ ಪುರಾಣದ ಚಿತ್ರಗಳು. ಇಂಥದೊಂದು ತೊಟ್ಟಿಲು ಊರಲ್ಲಿ ಹಲವು ಮನೆಗಳ ನಾಮಕರಣಕ್ಕೆ ಕೈಬದಲಾಗುತ್ತಿತ್ತು. ಅದನ್ನು ಹೊತ್ತು ತರಲಾಗದ ಕುಟುಂಬಗಳು ನಗರಗಳಲ್ಲಿ ಒಂದೇ ಕೋಣೆಯ ಬಿಡಾರದ ತೊಲೆಗೆ ಸೀರೆಯ ಜೋಲಿ ಕಟ್ಟಿಕೊಂಡವು. ಹಗಲು ಜೋಲಿ, ರಾತ್ರಿ ಬಿಚ್ಚಿದರೆ ಹೊದಿಕೆ. ಜಾಗದ ಬಡತನದಲ್ಲಿ ಹುಟ್ಟಿದ ಈ ಜಾಣ್ಮೆ ಸಣ್ಣದೇನಲ್ಲ.

ಚರಿತ್ರೆಯ ತಿರುಳು ಇರುವುದು ಹಾಲು ಕುಡಿಸುವ ಪಾತ್ರೆಯಲ್ಲಿ. ಬೆಳ್ಳಿಯದೋ ಹಿತ್ತಾಳೆಯದೋ ಆದ, ಒಂದು ಕಡೆ ಉದ್ದನೆಯ ಮೂತಿಯಿರುವ ಪುಟ್ಟ ಬಟ್ಟಲೇ ನಮ್ಮ ಒಳಲೆ. ತಮಿಳರು ಇದನ್ನೇ ಪಾಲಾಡೈ ಎನ್ನುತ್ತಾರೆ. ತಾಯಿಯ ಹಾಲು ಸಾಲದ ಕೂಸಿಗೆ ಹಸುವಿನ ಹಾಲು, ಆಗಾಗ ತೇಯ್ದ ಮದ್ದು, ಎಲ್ಲವೂ ಇದರಿಂದಲೇ. ಇಂಥ ಪಾತ್ರೆ ಜಗತ್ತಿನಲ್ಲಿ ಬಹಳ ಹಳೆಯದು. ಜರ್ಮನಿಯ ಬವೇರಿಯಾದಲ್ಲಿ ಮಕ್ಕಳ ಸಮಾಧಿಗಳಲ್ಲಿ ಸಿಕ್ಕ ಮೂತಿಯುಳ್ಳ ಮಣ್ಣಿನ ಕುಡಿಕೆಗಳನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಜೂಲಿ ಡನ್ ಮತ್ತು ಸಂಗಡಿಗರು ಪರೀಕ್ಷಿಸಿ, ಅವುಗಳಲ್ಲಿ ಪ್ರಾಣಿಗಳ ಹಾಲಿನ ಅಂಶ ಅಂಟಿರುವುದನ್ನು 2019ರಲ್ಲಿ ಪ್ರಕಟಿಸಿದರು. ಆ ಕುಡಿಕೆಗಳು ಎರಡೂವರೆ ಸಾವಿರ ವರ್ಷಗಳಿಗೂ ಹಿಂದಿನವು.

ಒಳಲೆಯ ದೊಡ್ಡ ಗುಣವೆಂದರೆ ಅದರಲ್ಲಿ ಮರೆಯಾದ ಮೂಲೆಯೇ ಇಲ್ಲ. ಬೆರಳು ಎಲ್ಲ ಕಡೆಗೂ ಹೋಗುತ್ತದೆ. ನೀರಿನಲ್ಲಿ ಚೆನ್ನಾಗಿ ಕುದಿಸಿ ತೆಗೆದರೆ ಶುದ್ಧ. ಈ ಗುಣವನ್ನು ಬಿಟ್ಟುಕೊಟ್ಟದ್ದರಿಂದ ಏನಾಯಿತೆಂಬುದಕ್ಕೆ ಯುರೋಪಿನ ಚರಿತ್ರೆ ಸಾಕ್ಷಿ. 1845ರಲ್ಲಿ ನ್ಯೂಯಾರ್ಕಿನ ಎಲೈಜಾ ಪ್ರ್ಯಾಟ್ ಎಂಬಾತ ರಬ್ಬರಿನ ಮೊಲೆತೊಟ್ಟಿಗೆ ಹಕ್ಕುಪತ್ರ ಪಡೆದ. ಮುಂದೆ ಗಾಜಿನ ಬಾಟಲಿಗೆ ಉದ್ದನೆಯ ರಬ್ಬರ್ ಕೊಳವೆ ಜೋಡಿಸಿ, ಅದರ ತುದಿಗೆ ತೊಟ್ಟು ಸಿಕ್ಕಿಸುವ ಪದ್ಧತಿ ಬಂತು. ಕೂಸು ಮಲಗಿದಲ್ಲೇ ಎಷ್ಟು ಹೊತ್ತಾದರೂ ಚೀಪುತ್ತಿರಬಹುದು, ತಾಯಿ ತನ್ನ ಕೆಲಸಕ್ಕೆ ಹೋಗಬಹುದು. ಅನುಕೂಲವೇನೋ ಹೌದು, ಆದರೆ ಆ ಕೊಳವೆಯ ಒಳಗನ್ನು ತೊಳೆಯುವ ಬಗೆಯೇ ಇರಲಿಲ್ಲ. ಹಾಲು ಒಳಗೇ ಹುಳಿತು ಕೊಳೆಯಿತು. ವಾಂತಿಭೇದಿಯಿಂದ ಕೂಸುಗಳು ಸತ್ತವು. ವೈದ್ಯರು ಅವುಗಳನ್ನು ಕೊಲೆಗಡುಕ ಬಾಟಲಿಗಳೆಂದೇ ಕರೆದರು. 1894ರಲ್ಲಿ ಲಂಡನ್ನಿನ ಆಲನ್ ಅಂಡ್ ಹ್ಯಾನ್‌ಬರೀಸ್ ಸಂಸ್ಥೆ ದೋಣಿಯಾಕಾರದ, ಎರಡೂ ತುದಿ ತೆರೆದ ಬಾಟಲಿಯನ್ನು ತಂದಾಗ ಕೈ ಮತ್ತೆ ಒಳಗೆ ಹೋಗುವಂತಾಯಿತು. ಕೊಳವೆಯ ಬಾಟಲಿಯನ್ನು ಫ್ರಾನ್ಸ್ ದೇಶ 1910ರಲ್ಲಿ ಕಾನೂನಿನಿಂದಲೇ ನಿಷೇಧಿಸಬೇಕಾಯಿತು.

ಬಾಟಲಿಯ ಬೆನ್ನಿಗೇ ಡಬ್ಬಿ ಬಂತು. 1860ರ ದಶಕದಲ್ಲಿ ಜರ್ಮನಿಯ ರಸಾಯನ ಶಾಸ್ತ್ರಜ್ಞ ಲೀಬಿಗ್ ತಾಯಿಹಾಲಿಗೆ ಬದಲಿ ಆಹಾರವೊಂದನ್ನು ಸಿದ್ಧಪಡಿಸಿದ. ಸ್ವಿಟ್ಜರ್‌ಲೆಂಡಿನ ವೆವೆಯಲ್ಲಿ ಹೆನ್ರಿ ನೆಸ್ಲೆ 1867ರಲ್ಲಿ ತನ್ನ ಹಾಲು-ಹಿಟ್ಟಿನ ಪುಡಿಯನ್ನು ಮಾರತೊಡಗಿದ. 1908ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಬಂದ ಗ್ಲ್ಯಾಕ್ಸೊ ಹಾಲುಪುಡಿ ವಸಾಹತುಗಳಿಗೂ ಹರಡಿತು. ನಮ್ಮಲ್ಲಿಯೂ ಮೊದಮೊದಲು ಇಂಥ ವಿದೇಶದ ಡಬ್ಬಿಗಳು ಅನುಕೂಲಸ್ಥರ ಮನೆ ಸೇರಿದವು. ಡಬ್ಬಿಯ ಮೇಲಿನ ದುಂಡುಮುಖದ ಕೂಸು ತಾಯಂದಿರ ಕಣ್ಣಿಗೆ ಆದರ್ಶವಾಯಿತು.

ಈ ಡಬ್ಬಿಯ ಚರಿತ್ರೆಯಲ್ಲಿ ನಮ್ಮ ಮೈಸೂರಿಗೂ ಒಂದು ಸ್ಥಾನವಿದೆ. 1950ರಲ್ಲಿ ಚೆಲುವಾಂಬ ವಿಲಾಸದ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಮುಂದೆ ಒಂದು ಪ್ರಶ್ನೆಯಿತ್ತು. ನಮ್ಮ ದೇಶದಲ್ಲಿ ಹೇರಳವಾಗಿರುವುದು ಎಮ್ಮೆಯ ಹಾಲು. ಅದರಲ್ಲಿ ಜಿಡ್ಡು ನೂರಕ್ಕೆ ಸುಮಾರು ಏಳು ಪಾಲು, ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುವಂಥದು. ಅದರಿಂದ ಕೂಸಿನ ಆಹಾರ ಆಗದೆಂಬುದು ಹೊರಗಿನ ಪಂಡಿತರ ಮತ. ಮೈಸೂರಿನ ವಿಜ್ಞಾನಿಗಳು ಜಿಡ್ಡನ್ನು ತಗ್ಗಿಸಿ, ಸಕ್ಕರೆ ಮತ್ತು ಜೀವಸತ್ವಗಳನ್ನು ಕೂಡಿಸಿ, ಕೂಸಿಗೆ ಒಗ್ಗುವ ಪುಡಿಯನ್ನು ಮಾಡುವ ವಿಧಾನವನ್ನು ರೂಪಿಸಿದರು. ಗುಜರಾತಿನ ಆಣಂದದಲ್ಲಿ ಎಮ್ಮೆಯ ಹಾಲನ್ನು ಪುಡಿಮಾಡಲು ಎಚ್.ಎಂ. ದಲಾಯಾ ಅವರು ಆ ಮೊದಲೇ ದಾರಿ ತೋರಿದ್ದರು. ಎರಡೂ ಕೂಡಿ ಅಮುಲ್ ಶಿಶು ಆಹಾರವಾಯಿತು. ವಿದೇಶೀ ಡಬ್ಬಿಯ ಮೇಲಿನ ಅವಲಂಬನೆ ಇಳಿಯಿತು. ತಾಯಿಯನ್ನು ಕಳೆದುಕೊಂಡ, ತಾಯಿಗೆ ಕಾಯಿಲೆಯಾದ ಎಷ್ಟೋ ಕೂಸುಗಳಿಗೆ ಇಂಥ ಡಬ್ಬಿಯೇ ಜೀವದಾನ ಮಾಡಿದೆ. ಈ ಉಪಕಾರವನ್ನು ಮರೆತು ಬರೆದರೆ ಚರಿತ್ರೆಗೆ ಅಪಚಾರವಾಗುತ್ತದೆ.

ಕೇಡಾದದ್ದು ಡಬ್ಬಿ ಬೇಡದವರಿಗೂ ಅದನ್ನು ಮಾರಹೊರಟಾಗ. ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ ದುಡಿದಿದ್ದ ಮಕ್ಕಳ ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದ ರೋಟರಿ ಕ್ಲಬ್ಬಿನಲ್ಲಿ ಮಾಡಿದ ಭಾಷಣಕ್ಕೆ 'ಹಾಲು ಮತ್ತು ಕೊಲೆ' ಎಂದೇ ಹೆಸರಿಟ್ಟರು. ಶುದ್ಧ ನೀರಿಲ್ಲದ, ಉರುವಲಿಲ್ಲದ ಗುಡಿಸಲಿಗೆ ಬಾಟಲಿಯನ್ನು ತಳ್ಳುವುದೆಂದರೆ ಸಾವನ್ನು ತಳ್ಳಿದಂತೆ ಎಂಬುದು ಅವರ ವಾದ. ಪುಡಿ ತುಟ್ಟಿಯಾದ್ದರಿಂದ ಬಡವರು ಅದನ್ನು ನೀರುನೀರಾಗಿ ಕಲಸುತ್ತಿದ್ದರು. ಕೂಸಿನ ಹೊಟ್ಟೆ ತುಂಬಿದಂತೆ ಕಾಣುತ್ತಿತ್ತು, ಮೈ ಮಾತ್ರ ಸೊರಗುತ್ತಿತ್ತು. ಅತ್ತ ತಾಯಿಯ ಎದೆಹಾಲು ಬತ್ತುತ್ತಿತ್ತು. ಮರಳಿ ಹೋಗಲು ದಾರಿಯಿಲ್ಲ. 1974ರಲ್ಲಿ ಬ್ರಿಟನ್ನಿನ 'ವಾರ್ ಆನ್ ವಾಂಟ್' ಸಂಸ್ಥೆಯ ಕಿರುಪುಸ್ತಕವೊಂದು ಈ ಸಂಗತಿಯನ್ನು ಲೋಕಕ್ಕೆ ಸಾರಿತು. 1977ರಲ್ಲಿ ಅಮೆರಿಕದಲ್ಲಿ ನೆಸ್ಲೆ ಸಾಮಾನಿನ ಬಹಿಷ್ಕಾರ ಆರಂಭವಾಯಿತು. 1981ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ಆರೋಗ್ಯ ಸಭೆ, ತಾಯಿಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ನೀತಿಸಂಹಿತೆಯನ್ನು ಒಪ್ಪಿತು. ಪರವಾಗಿ 118 ಮತ, ವಿರುದ್ಧ ಅಮೆರಿಕದ್ದು ಒಂದೇ ಮತ.

ಭಾರತ ಇನ್ನೂ ಮುಂದೆ ಹೋಯಿತು. 1992ರಲ್ಲಿ ನಮ್ಮ ಸಂಸತ್ತು ಶಿಶು ಹಾಲಿನ ಬದಲಿ ಆಹಾರ, ಹಾಲುಣಿಸುವ ಬಾಟಲಿ ಹಾಗೂ ಶಿಶು ಆಹಾರಗಳ ಕಾಯಿದೆಯನ್ನು ಮಾಡಿತು. 1993ರ ಆಗಸ್ಟಿನಿಂದ ಅದು ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಇದರಂತೆ ಇವುಗಳ ಜಾಹೀರಾತು ಕೂಡದು. ತಾಯಂದಿರಿಗೆ ಬಿಟ್ಟಿ ಮಾದರಿ ಹಂಚಕೂಡದು. ಬದಲಿ ಹಾಲಿನ ಡಬ್ಬಿಯ ಮೇಲೆ ಕೂಸಿನ, ತಾಯಿಯ ಚಿತ್ರ ಹಾಕಕೂಡದು. ತಾಯಿಯ ಹಾಲೇ ಉತ್ತಮವೆಂಬ ಸೂಚನೆ ಇರಲೇಬೇಕು. ಎರಡು ತಲೆಮಾರಿನ ತಾಯಂದಿರನ್ನು ಮರುಳುಮಾಡಿದ ದುಂಡುಮುಖದ ಕೂಸು ಡಬ್ಬಿಯಿಂದ ಇಳಿದುಹೋದದ್ದು ಹೀಗೆ.

ಇಷ್ಟು ಹೇಳಿದ ಮೇಲೆ, ಹಳೆಯದೆಲ್ಲ ಹೊನ್ನೆಂದು ತಿಳಿಯಬಾರದು. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು, ಕೂಸು ದಿನವಿಡೀ ಮಲಗಿರಲೆಂದು ಅಫೀಮಿನ ಗುಳಿಗೆಯನ್ನು ತಿನ್ನಿಸಿ ಕೆಲಸಕ್ಕೆ ಹೋಗುತ್ತಿದ್ದುದು 1920ರ ದಶಕದ ವರದಿಗಳಲ್ಲಿ ದಾಖಲಾಗಿದೆ. ಅವರೂ ನಮ್ಮಂತೆಯೇ ಊರು ಬಿಟ್ಟು ಬಂದವರು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಇನ್ನೊಂದು ಜೊತೆ ಕೈಗಳಿಲ್ಲದವರು. ಅವರಿಗೆ ಬೇಕಾಗಿದ್ದುದು ಬಿಡುವು. 1929ರಲ್ಲಿ ಮುಂಬಯಿ ಪ್ರಾಂತದಲ್ಲಿ ಹೆರಿಗೆ ಭತ್ಯದ ಕಾಯಿದೆ ಬಂತು, ದೇಶದಲ್ಲೇ ಮೊದಲನೆಯದು. ಅದರ ಮಸೂದೆಯ ಪರವಾಗಿ ಪ್ರಾಂತದ ಶಾಸನಸಭೆಯಲ್ಲಿ ಮಾತನಾಡಿದವರಲ್ಲಿ ಡಾ. ಅಂಬೇಡ್ಕರರೂ ಒಬ್ಬರು. ಇಡೀ ದೇಶಕ್ಕೆ 1961ರಲ್ಲಿ ಕಾಯಿದೆಯಾಯಿತು. 2017ರಲ್ಲಿ ರಜೆ 26 ವಾರಗಳಿಗೆ ಏರಿತು. ಕೂಸಿಗೆ ಮೊದಲ ಆರು ತಿಂಗಳು ತಾಯಿಹಾಲೊಂದೇ ಸಾಕೆಂದು ವೈದ್ಯರು ಹೇಳುವ ಅವಧಿಗೂ ಈ 26 ವಾರಗಳಿಗೂ ಲೆಕ್ಕ ಸರಿಹೋಗುತ್ತದೆಂಬುದನ್ನು ಗಮನಿಸಬೇಕು. ಯಾವ ಅಂಗಡಿಯಲ್ಲಿಯೂ ಸಿಗದ ಸಾಮಾನೆಂದರೆ ಇದೇ.

ಹಾಗಾದರೆ ಹೊಸ ತಂದೆ-ತಾಯಿಯರು ಏನನ್ನು ಕೊಳ್ಳಬೇಕು? ಬಾಟಲಿ ಬೇಕೇ ಬೇಕೆಂದಾದರೆ ಅಗಲ ಬಾಯಿಯದು, ಒಳಗೆ ಬ್ರಷ್ ಚೆನ್ನಾಗಿ ಆಡುವಂಥದು, ಐ.ಎಸ್.ಐ. ಗುರುತಿನದು ಇರಲಿ. ತಾಯಿ ಕೆಲಸಕ್ಕೆ ಹೋಗುವವಳಾದರೆ ಹಿಂಡಿಟ್ಟ ಹಾಲು ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ಹೊರಗೆ 25 ಡಿಗ್ರಿಯ ಒಳಗಾದರೆ ನಾಲ್ಕು ಗಂಟೆ, ಮುಂಬಯಿ-ಚೆನ್ನೈಯ ಸೆಕೆಯಲ್ಲಿ ಅದಕ್ಕೂ ಕಡಿಮೆ. ಅದನ್ನು ಕುಡಿಸಲು ಬಟ್ಟಲೂ ಒಳಲೆಯೂ ಸಾಕು. ತೂಕ ಕಡಿಮೆಯಿದ್ದು ಮೊಲೆ ಚೀಪಲಾರದ ಕೂಸುಗಳಿಗೆ ಬಟ್ಟಲು, ಚಮಚ ಅಥವಾ ಪಾಲಾಡೈಯಿಂದಲೇ ಕುಡಿಸಿರೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಸಲಹೆ ಮಾಡಿತು. ಅಜ್ಜಿಯ ಒಳಲೆ ಹೀಗೆ ಆಸ್ಪತ್ರೆಯ ಬಾಗಿಲಿನಿಂದ ಮರಳಿ ಬಂದಿದೆ. ಆದರೆ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಅದು ಅಳುತ್ತಿರುವಾಗಲೇ ಸುರಿಯುವ ಹಳೆಯ ಕ್ರಮ ಬೇಡ. ಹಾಲು ಶ್ವಾಸಕೋಶಕ್ಕೆ ಇಳಿದೀತು. ತಲೆ ಎತ್ತಿ ಹಿಡಿದು, ಗುಟುಕು ಗುಟುಕಾಗಿ ಕೊಡಬೇಕು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸುವುದೂ ಬೇಡ.

ಕೂರಿಸಿ ಓಡಿಸುವ ಗಾಲಿಯ ವಾಕರನ್ನು ಕೆನಡಾ ದೇಶ 2004ರಲ್ಲಿ ನಿಷೇಧಿಸಿತು, ಮೆಟ್ಟಿಲಿನಿಂದ ಉರುಳಿ ಮಕ್ಕಳಿಗೆ ಪೆಟ್ಟಾಗುತ್ತಿದ್ದುದರಿಂದ. ಅದರ ಬದಲು ಕೂಸು ತಾನೇ ಎದ್ದು ನಿಂತು ತಳ್ಳಿಕೊಂಡು ಹೋಗುವ ಮರದ ಮೂರು ಗಾಲಿಯ ಗಾಡಿ ಸಾಕು. ಅದರ ಹಿಂದೆ ದೊಡ್ಡವರೊಬ್ಬರು ಇರಬೇಕು, ಅಷ್ಟೆ. ಗಿಲಿಕೆಗೆ ಚನ್ನಪಟ್ಟಣವಿದೆ: ಹಾಲೆ ಮರ, ಅರಗಿನ ಬಣ್ಣ. ಕೂಸು ಎಲ್ಲವನ್ನೂ ಬಾಯಿಗಿಡುವುದರಿಂದ ಬಣ್ಣ ಯಾವುದೆಂದು ಕೇಳಿಯೇ ಕೊಳ್ಳಬೇಕು. ಒಮ್ಮೆ ಬಳಸಿ ಎಸೆಯುವ ಲಂಗೋಟಿಯೂ ಈಗ ಅಂಗಡಿಯಲ್ಲಿದೆ. ರೈಲಿನ ಪ್ರಯಾಣಕ್ಕೆ ಅದು ಒದಗೀತು, ಮನೆಯಲ್ಲಿ ಹಳೆಯ ಧೋತರದ ತುಂಡಿಗೆ ಸಮನಾದದ್ದು ಇಲ್ಲ.

ಈ ಇಡೀ ಚರಿತ್ರೆಯನ್ನು ನೋಡಿದಾಗ ನಮಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಕೂಸಿನ ಸಾಮಾನುಗಳಲ್ಲಿ ಕೆಲವು ಎತ್ತಿಕೊಳ್ಳುವ ಕೈಗೆ ನೆರವಾಗಲು ಹುಟ್ಟಿದವು, ಕೆಲವು ಆ ಕೈಯೇ ಬೇಡವೆನ್ನಲು ಹುಟ್ಟಿದವು. ಕೊಳವೆಯ ಬಾಟಲಿ, ಅಫೀಮಿನ ಗುಳಿಗೆ, ಓಡುವ ವಾಕರು ಎರಡನೆಯ ಜಾತಿಯವು. ಕೇಡು ಬಂದದ್ದೂ ಅವುಗಳಿಂದಲೇ. ಪರಊರಿನಲ್ಲಿ ಅಜ್ಜಿಯಿಲ್ಲದ ಮನೆಗೆ ನೆರೆಯ ಕನ್ನಡದ ಮನೆಯ ಹಿರಿಯಾಕೆ ವಾರಕ್ಕೆರಡು ಸಲ ಬಂದು ಹೋದರೆ, ಅದು ಯಾವ ಉಡುಗೊರೆಗೂ ಕಡಿಮೆಯಲ್ಲ. ಮುಂದಿನ ಸಲ ನಾಮಕರಣದ ಕರೆಯೋಲೆ ಬಂದಾಗ ನಮ್ಮ ಬಳಗದವರು ಇದನ್ನು ನೆನೆದರೆ ಸಾಕು.