ಗಣಿ ಕಾರ್ಮಿಕನ ಹೆಂಡತಿ ಹಾಕಿದ ಲೆಕ್ಕ

ದೊಮಿತಿಲಾ ಬಾರಿಯೋಸ್ ದೆ ಚುಂಗಾರಾ ಅವರ ದಿನ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುತ್ತಿತ್ತು. ಗಂಡನಿಗೆ ಮೊದಲ ಪಾಳಿ ಇದ್ದರೆ ತಿಂಡಿ ಮಾಡಿಕೊಡಬೇಕು. ಆಮೇಲೆ ಮಾರಲು ಸಾಲ್ತೆನ್ಯಾ ಮಾಡಬೇಕು. ಅನ್ನ, ಆಲೂಗಡ್ಡೆ, ಚೂರು ಮಾಂಸ, ಕೆಂಪು ಮೆಣಸಿನಕಾಯಿ ತುಂಬಿ, ನಮ್ಮ ಕರ್ಜಿಕಾಯಿಯ ಹಾಗೆ ಮಡಚುವ ತಿನಿಸು ಅದು. ದಿನಕ್ಕೆ ಸುಮಾರು 100 ಮಾಡಿ ಬೀದಿಯಲ್ಲಿ ಕೂತು ಮಾರಿದರೆ ಸಂಸಾರ ಹೇಗೋ ಸಾಗುತ್ತಿತ್ತು. ನಡುವೆ ಏಳು ಮಕ್ಕಳ ಊಟ, ಶಾಲೆ, ಬಟ್ಟೆ ಒಗೆತ, ಕಂಪನಿ ಅಂಗಡಿಯ ಮುಂದಿನ ಸಾಲು. ಮಲಗುವ ಹೊತ್ತಿಗೆ ನಡುರಾತ್ರಿ.

ಊರಿನ ಹೆಸರು ಸಿಗ್ಲೊ ವೇಂತೆ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ ‘ಇಪ್ಪತ್ತನೇ ಶತಮಾನ’. ಬೊಲಿವಿಯಾದ ಆಂಡಿಸ್ ಪರ್ವತಗಳಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿರುವ ತವರದ ಗಣಿಯ ಕಾಲೊನಿ. 1952ರಲ್ಲಿ ಗಣಿಗಳು ರಾಷ್ಟ್ರೀಕರಣವಾಗಿ ಸರ್ಕಾರಿ ಕಂಪನಿಯ ಕೈಗೆ ಬಂದರೂ ಕಾರ್ಮಿಕರ ಮನೆಗಳು ಒಂದೇ ಕೋಣೆಯವಾಗಿ ಉಳಿದವು. ಆ ಮನೆಯೂ ಕಂಪನಿಯದೇ. ಗಣಿಯ ದೂಳು ಗಂಡಸರ ಶ್ವಾಸಕೋಶವನ್ನು ತಿನ್ನುತ್ತಿತ್ತು. ಗಂಡ ಸತ್ತರೆ 90 ದಿನಗಳೊಳಗೆ ವಿಧವೆ ಮಕ್ಕಳನ್ನು ಕಟ್ಟಿಕೊಂಡು ಮನೆ ಖಾಲಿ ಮಾಡಬೇಕಿತ್ತು.

ದೊಮಿತಿಲಾ ಹುಟ್ಟಿದ್ದು 1937ರಲ್ಲಿ. ಹತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡು, ಐದು ಮಂದಿ ತಂಗಿಯರನ್ನು ಸಾಕಿದರು. ಅಂದರೆ ಮದುವೆಗೂ ಮೊದಲೇ ಅವರಿಗೆ ತಾಯ್ತನ ಬಂದಿತ್ತು. ತ್ಯಾಗಮಯಿ ತಾಯಿ ಎಂದು ಹೊಗಳಿ ಮುಗಿಸಲು ಇಷ್ಟೇ ಸಾಕಿತ್ತು. ಆದರೆ ಅವರು ಹೊಗಳಿಕೆಗೆ ಕಾಯದೆ ಲೆಕ್ಕ ಹಾಕಲು ಕೂತರು.

ಒಂದು ದಿನ ಅವರು ಒಂದು ಪಟ್ಟಿ ಮಾಡಿದರು. ತಿಂಗಳಿಗೆ ಎಷ್ಟು ಡಜನ್ ಬಟ್ಟೆ ಒಗೆಯುತ್ತೇವೆ, ಅಗಸಗಿತ್ತಿಗೆ ಕೊಟ್ಟಿದ್ದರೆ ಎಷ್ಟಾಗುತ್ತಿತ್ತು? ಅಡುಗೆಯವಳ ಸಂಬಳ ಎಷ್ಟು? ಮಕ್ಕಳನ್ನು ನೋಡಿಕೊಳ್ಳುವ ಆಯಾಳಿಗೆ ಎಷ್ಟು? ಎಲ್ಲ ಕೂಡಿಸಿದಾಗ ಬಂದ ಮೊತ್ತ ಗಂಡ ಗಣಿಯಲ್ಲಿ ತಿಂಗಳಿಡೀ ದುಡಿದು ತರುವ ಸಂಬಳಕ್ಕಿಂತ ಬಹಳ ಹೆಚ್ಚಿತ್ತು.

ಇದು ಗಂಡನ ಮೇಲಿನ ದೂರಲ್ಲ. ಕಂಪನಿ ಒಬ್ಬನಿಗೆ ಸಂಬಳ ಕೊಟ್ಟು ಇಬ್ಬರಿಂದ ಕೆಲಸ ತೆಗೆಯುತ್ತಿದೆ ಎಂಬುದೇ ಆ ಲೆಕ್ಕದ ಸಾರ. ಬೆಳಿಗ್ಗೆ ಯಾರೋ ಎದ್ದು ಅವನಿಗೆ ಉಣಿಸಿ ಕಳಿಸದಿದ್ದರೆ, ನಾಳಿನ ಕಾರ್ಮಿಕರಾಗುವ ಮಕ್ಕಳನ್ನು ಬೆಳೆಸದಿದ್ದರೆ, ತವರ ನೆಲದಿಂದ ಮೇಲೆ ಬರುವುದಿಲ್ಲ.

ಸಿಗ್ಲೊ ವೇಂತೆಯ ಗೃಹಿಣಿಯರ ಸಮಿತಿ ಹುಟ್ಟಿದ್ದು 1961ರಲ್ಲಿ. ಗಂಡಂದಿರು ಜೈಲು ಸೇರಿದಾಗ ಒಬ್ಬೊಬ್ಬರೇ ರಾಜಧಾನಿ ಲಾ ಪಾಜ್‌ಗೆ ಅಲೆದು ಸೋತ ಹೆಂಗಸರು ಒಟ್ಟಾಗಿ ಉಪವಾಸ ಕೂತರು, ಗೆದ್ದರು. ಆದರೂ ಅವರು ಸಭೆಯಲ್ಲಿ ಮಾತಾಡಲು ನಿಂತಾಗ, ಮನೆಗೆ ಹೋಗಿ ಅಡುಗೆ ಮಾಡಿ ಎಂದು ಕೂಗಿದವರು ಗಣಿಯ ಗಂಡಸರೇ. 1963ರಲ್ಲಿ ದೊಮಿತಿಲಾ ಸಮಿತಿಗೆ ಸೇರಿದರು.

1967ರ ಜೂನ್ 24ರ ನಸುಕು. ರಾತ್ರಿಯೆಲ್ಲ ಬೆಂಕಿ ಹಾಕಿ ಸಂತ ಜುವಾನ್ ಹಬ್ಬ ಆಚರಿಸಿದ್ದ ಕಾಲೊನಿಯ ಮೇಲೆ ಸೈನ್ಯ ಗುಂಡು ಹಾರಿಸಿತು. ಅದನ್ನು ಬಹಿರಂಗವಾಗಿ ಖಂಡಿಸಿದ ದೊಮಿತಿಲಾ ಸೆರೆಯಾದರು. ಗರ್ಭಿಣಿಯಾಗಿದ್ದಾಗಲೇ ಹೊಡೆತ ತಿಂದರು. ಸೆರೆಕೋಣೆಯಲ್ಲಿ ಹೆರಿಗೆಯಾಯಿತು, ಮಗು ಉಳಿಯಲಿಲ್ಲ. ಹೊರಗೆ ಬಂದ ಮೇಲೆ ಅವರು ಬಾಯಿ ಮುಚ್ಚಿಕೊಂಡು ಕೂರಲಿಲ್ಲ.

1975ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವರ್ಷದ ಅಂಗವಾಗಿ ಮೆಕ್ಸಿಕೊ ನಗರದಲ್ಲಿ ಸೇರಿದ ಸಭೆಗೆ ಅವರು ಹೋದರು. ಅಲ್ಲಿ ‘ನಾವು ಹೆಂಗಸರು’ ಎಂಬ ಮಾತು ಮತ್ತೆ ಮತ್ತೆ ಬಂದಾಗ ಅವರು ತಡೆದು ಕೇಳಿದರು: ಕಾರಿನಲ್ಲಿ ಓಡಾಡುವ ನಿಮಗೂ, ಗಂಡ ಸತ್ತರೆ ಮನೆ ಬಿಡಬೇಕಾದ ನಮಗೂ ಯಾವುದು ಸಮಾನ? ಆ ಸಭೆಯಲ್ಲಿ ಅವರನ್ನು ಕಂಡ ಬ್ರೆಜಿಲ್‌ನ ಮೊಯೆಮಾ ವಿಯೆಝ್ಝರ್ ಅವರ ಮಾತುಗಳನ್ನು ಧ್ವನಿಮುದ್ರಿಸಿ ಪುಸ್ತಕವಾಗಿಸಿದರು. ಹೆಸರು ‘ನನಗೆ ಮಾತಾಡಲು ಬಿಟ್ಟರೆ’ ಎಂಬರ್ಥದ್ದು. ಅದನ್ನು ಬರೆದ ಪುಸ್ತಕ ಎನ್ನುವುದಕ್ಕಿಂತ ಆಡಿದ ಪುಸ್ತಕ ಎನ್ನುವುದೇ ಸರಿ. ಮೇಲಿನ ಲೆಕ್ಕ ಜಗತ್ತಿಗೆ ತಿಳಿದದ್ದು ಅದರಿಂದ.

1977ರ ಡಿಸೆಂಬರ್ 28ರಂದು ಗಣಿ ಕಾರ್ಮಿಕರ ನಾಲ್ವರು ಹೆಂಡಂದಿರು ಮಕ್ಕಳೊಂದಿಗೆ ಲಾ ಪಾಜ್‌ನ ಆರ್ಚ್‌ಬಿಷಪ್ ನಿವಾಸದಲ್ಲಿ ಉಪವಾಸ ಕೂತರು. ಗಡೀಪಾರಾದವರಿಗೆ ಕ್ಷಮಾದಾನ ಕೊಡಿ, ಕೆಲಸ ಕಳೆದುಕೊಂಡವರನ್ನು ವಾಪಸ್ ತೆಗೆದುಕೊಳ್ಳಿ, ಗಣಿಗಳಿಂದ ಸೈನ್ಯ ಹಿಂತೆಗೆಯಿರಿ ಎಂಬುದು ಬೇಡಿಕೆ. ಕೆಲವೇ ದಿನಗಳಲ್ಲಿ ದೊಮಿತಿಲಾ ಜೊತೆಯಾದರು. ಮೂರು ವಾರ ತುಂಬುವುದರೊಳಗೆ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಜನ ಉಪವಾಸ ಕೂತಿದ್ದರು. ಸೇನಾಡಳಿತಗಾರ ಹ್ಯೂಗೊ ಬಾನ್ಸೆರ್ ಮಣಿಯಬೇಕಾಯಿತು.

1980ರಲ್ಲಿ ಇನ್ನೊಂದು ಸೇನಾ ದಂಗೆಯಾದಾಗ ದೊಮಿತಿಲಾ ಪರದೇಶದಲ್ಲಿದ್ದರು. ಊರಿಗೆ ಮರಳಲಾಗದೆ ಸ್ವೀಡನ್‌ನಲ್ಲಿ ಆಶ್ರಯ ಪಡೆದರು. ಸೇನಾಡಳಿತ ಮುಗಿದ ಮೇಲೆ ತಾಯ್ನಾಡಿಗೆ ಮರಳಿದರು. ಆದರೆ 1985ರಲ್ಲಿ ತವರದ ಬೆಲೆ ಕುಸಿಯಿತು. ಸರ್ಕಾರಿ ಗಣಿಗಳು 20,000ಕ್ಕೂ ಹೆಚ್ಚು ಕಾರ್ಮಿಕರನ್ನು ಹೊರಹಾಕಿದವು. ಗುಂಡಿಗೆ ಜಗ್ಗದ ಕಾಲೊನಿಗಳು ಮಾರುಕಟ್ಟೆಯ ಪೆಟ್ಟಿಗೆ ಖಾಲಿಯಾದವು. ದೊಮಿತಿಲಾ ಕೊಚಬಾಂಬಾ ನಗರದಲ್ಲಿ ನೆಲೆಸಿ, ಬಡವರ ನಡುವೆ ರಾಜಕೀಯ ತಿಳಿವಳಿಕೆಯ ಸಂಚಾರಿ ಶಾಲೆ ನಡೆಸಿದರು. 2012ರ ಮಾರ್ಚ್ 13ರಂದು ಅಲ್ಲೇ ತೀರಿಕೊಂಡರು. ಸರ್ಕಾರ ಮೂರು ದಿನ ಶೋಕಾಚರಣೆ ಘೋಷಿಸಿತು.

ಶೋಕ ಮುಗಿದರೂ ಅವರ ಪಟ್ಟಿ ಮುಗಿದಿಲ್ಲ. ಅದಕ್ಕೆ ಬೇಕಾದದ್ದು ಒಂದು ಹಾಳೆ, ಒಂದು ಪೆನ್ಸಿಲ್, ಊರಿನಲ್ಲಿ ನಡೆಯುವ ಕೂಲಿಯ ದರ ಅಷ್ಟೇ. ಯಾವ ಮನೆಯಲ್ಲಿ ಕೂತು ಬೇಕಾದರೂ ಹಾಕಬಹುದು.